ಒಂದು ಕಪ್ ಕಾಫಿ, ಒಂದು ತುಂಡು ಬ್ಲಾಟಿಂಗ್ ಪೇಪರ್

ಜರ್ಮನಿಯ ಸ್ಯಾಕ್ಸನಿ ಸೀಮೆಯವರ ಕಾಫಿ ಹುಚ್ಚು ಆ ದೇಶದಲ್ಲೆಲ್ಲ ಹೆಸರುವಾಸಿ. ಉಳಿದ ಜರ್ಮನ್ನರು ಅವರನ್ನು ಕಾಫಿ ಸ್ಯಾಕ್ಸನ್ನರು ಎಂದೇ ಛೇಡಿಸುತ್ತಿದ್ದರು. ಕುಡಿಯುವ ಆಸೆ ದೊಡ್ಡದು, ಬೀಜ ದುಬಾರಿ. ಪುಡಿ ಉಳಿಸಲು ಎಷ್ಟು ತೆಳುವಾಗಿ ಕಾಫಿ ಮಾಡುತ್ತಿದ್ದರೆಂದರೆ, ಪಿಂಗಾಣಿ ಕಪ್ಪಿನ ತಳದಲ್ಲಿ ಬಿಡಿಸಿದ ಹೂವು ಕಾಫಿಯೊಳಗಿಂದಲೇ ಕಾಣುತ್ತಿತ್ತಂತೆ. ಅದಕ್ಕೆ ಹೂವಿನ ಕಾಫಿ ಎಂಬ ಹೆಸರೇ ಬಿತ್ತು. ನಾವು ನೀರು ಕಾಫಿ ಎಂದು ಮೂಗು ಮುರಿಯುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಈ ಸೀಮೆಯ ರಾಜಧಾನಿ, ಎಲ್ಬೆ ನದಿ ದಂಡೆಯ ಡ್ರೆಸ್ಡೆನ್‌ನಲ್ಲಿ 1873ರ ಜನವರಿ 31ರಂದು ಒಬ್ಬ ಪುಸ್ತಕ ಪ್ರಕಾಶಕರ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ಅಮಾಲಿ ಔಗುಸ್ಟೆ ಮೆಲಿಟ್ಟಾ ಲೀಬ್‌ಶರ್ ಎಂದು ಹೆಸರಿಟ್ಟರು. ಹ್ಯೂಗೊ ಬೆಂಟ್ಸ್ ಎಂಬಾತನನ್ನು ಮದುವೆಯಾದ ಮೇಲೆ ಆಕೆ ಮೆಲಿಟ್ಟಾ ಬೆಂಟ್ಸ್ ಆದಳು.

ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಕೆಂಪು-ಹಸಿರು ಡಬ್ಬಿಯ ಮೇಲೆ ಮೆಲಿಟ್ಟಾ ಎಂಬ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಅದು ಯಾವುದೋ ಏಜೆನ್ಸಿ ಕೂತು ಯೋಚಿಸಿ ಇಟ್ಟ ಬ್ರ್ಯಾಂಡ್ ಹೆಸರಲ್ಲ. ಮೂರು ಮಕ್ಕಳ ತಾಯಿಯೊಬ್ಬಳ ಸ್ವಂತ ಹೆಸರು.

ನಾನು ಈಕೆಯ ಬೆನ್ನು ಹತ್ತಿದ್ದು ಚರಿತ್ರೆಯ ಆಸಕ್ತಿಯಿಂದೇನೂ ಅಲ್ಲ. ಒಬ್ಬಳಿಗೆ ಒಂದು ಕಪ್ ಕಾಫಿ ಮಾಡಿಕೊಳ್ಳಲು ಯಾವ ಸಾಧನ ಕೊಳ್ಳಬೇಕು ಎಂಬ ತೀರಾ ಸಣ್ಣ ಪ್ರಶ್ನೆಯಿಂದ. ಡಿಗ್ರಿ ಮುಗಿದು ಎರಡು ವರ್ಷವಾಗಿದೆ. ಬೆಂಗಳೂರಿನ ವಿಜಯನಗರದಲ್ಲಿ ಪಿಜಿ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಅಸಂಖ್ಯ ಜನರಲ್ಲಿ ನಾನೂ ಒಬ್ಬಳು. ಬೆಳಿಗ್ಗೆ ಐದಕ್ಕೆ ಎದ್ದು ಕೂತರೆ ಪಿಜಿಯ ಕಾಫಿ ಬರುವುದು ಏಳೂವರೆಗೆ. ಬೀದಿ ಕೊನೆಯ ದರ್ಶಿನಿಗೆ ಹೋಗಿ ಬಂದರೆ, ದಾರಿಯಲ್ಲಿ ಯಾರಾದರೂ ಸಿಕ್ಕಿ ನೋಟಿಫಿಕೇಶನ್ ಬಂತಾ, ಕಟ್‌ಆಫ್ ಎಷ್ಟಾಗಬಹುದು ಎಂದು ಶುರುವಾದರೆ, ಮುಕ್ಕಾಲು ಗಂಟೆ ಹೋಯಿತೆಂದೇ ಲೆಕ್ಕ. ಪಿಜಿಯ ನಿಯಮ ಸರಳ: ಗ್ಯಾಸ್ ಒಲೆ, ಇಂಡಕ್ಷನ್ ಎರಡೂ ನಿಷಿದ್ಧ, ಎಲೆಕ್ಟ್ರಿಕ್ ಕೆಟಲ್‌ಗೆ ಅಡ್ಡಿಯಿಲ್ಲ. ಇಷ್ಟರೊಳಗೆ ಏನು ಮಾಡಬಹುದು ಎಂದು ಹುಡುಕುತ್ತ ಹೋದರೆ ಪ್ರತಿ ದಾರಿಯೂ ಡ್ರೆಸ್ಡೆನ್‌ನ ಆ ಅಡುಗೆಮನೆಯ ಹತ್ತಿರವೇ ಬಂದು ನಿಲ್ಲುತ್ತಿತ್ತು.

ಆ ಅಡುಗೆಮನೆಯಲ್ಲಿ 1908ರಲ್ಲಿ ಆದದ್ದು ಇಷ್ಟು. ಮೆಲಿಟ್ಟಾಗೆ ಆಗ 35 ವರ್ಷ. ದೊಡ್ಡ ಮಗ ವಿಲ್ಲಿ ಶಾಲೆಗೆ ಹೋಗುತ್ತಿದ್ದ, ಚಿಕ್ಕವನು ಹೋರ್ಸ್ಟ್ ನಾಲ್ಕು ವರ್ಷದವನು. ಆಗಿನ ಮನೆಗಳಲ್ಲಿ ಕಾಫಿ ಮಾಡುತ್ತಿದ್ದ ಯಾವ ವಿಧಾನವೂ ಆಕೆಗೆ ಸರಿಬರುತ್ತಿರಲಿಲ್ಲ. ಪುಡಿಯ ಮೇಲೆ ನೇರವಾಗಿ ಬಿಸಿನೀರು ಸುರಿದು ಕೂರಿಸಿದರೆ ಕೊನೆಯ ಗುಟುಕಿನಲ್ಲಿ ಬಾಯಿ ತುಂಬ ಚರಟ. ಪರ್ಕೊಲೇಟರ್‌ನಲ್ಲಿ ಒಮ್ಮೆ ಇಳಿದ ಕಾಫಿಯೇ ಮತ್ತೆ ಮತ್ತೆ ಕುದಿದು ಪುಡಿಯ ಮೇಲೆ ಹರಿಯುವುದರಿಂದ ಕಹಿ. ಬಟ್ಟೆಯ ಚೀಲದಲ್ಲಿ ಸೋಸಿದರೆ ರುಚಿ ಪರವಾಗಿಲ್ಲ, ಆದರೆ ಚೀಲ ತೊಳೆದು ಒಣಗಿಸುವ ಕೆಲಸ ಮುಗಿಯುವುದೇ ಇಲ್ಲ, ಸರಿಯಾಗಿ ಒಣಗದಿದ್ದರೆ ಮರುದಿನದ ಕಾಫಿಗೆ ಮುಗ್ಗಲು ವಾಸನೆ. ನಮ್ಮ ಅಜ್ಜಿಯಂದಿರ ಕಾಲದ ಕಾಫಿ ಸೋಸುವ ಬಟ್ಟೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕಂದು ಬಣ್ಣದ ಬಟ್ಟೆ ಎಷ್ಟು ಒಗೆದರೂ ಬೆಳ್ಳಗಾಗುವುದಿಲ್ಲ.

ಮೆಲಿಟ್ಟಾ ಒಂದು ಹಿತ್ತಾಳೆ ಪಾತ್ರೆ ತೆಗೆದುಕೊಂಡು ಅದರ ತಳಕ್ಕೆ ಮೊಳೆಯಿಂದ ತೂತು ಹೊಡೆದಳು. ವಿಲ್ಲಿಯ ಶಾಲಾ ಪುಸ್ತಕದೊಳಗಿದ್ದ ಬ್ಲಾಟಿಂಗ್ ಪೇಪರ್ ಹರಿದು ಆ ತೂತುಗಳ ಮೇಲೆ ಹಾಸಿದಳು. ಬ್ಲಾಟಿಂಗ್ ಪೇಪರ್ ಎಂದರೆ ಶಾಯಿ ಪೆನ್ನಿನಲ್ಲಿ ಬರೆದ ಮೇಲೆ ಹೆಚ್ಚಿನ ಶಾಯಿ ಹೀರಿಕೊಳ್ಳಲು ಒತ್ತುತ್ತಿದ್ದ ದಪ್ಪ, ಮೆತ್ತನೆಯ ಕಾಗದ. ನಮ್ಮ ತಲೆಮಾರು ಅದನ್ನು ನೋಡಿದ್ದು ಕಡಿಮೆ. ಅದರ ಗುಣವೇ ಇಲ್ಲಿ ಕೆಲಸಕ್ಕೆ ಬಂತು: ದ್ರವವನ್ನು ಬಿಡುತ್ತದೆ, ಕಣವನ್ನು ತಡೆಯುತ್ತದೆ, ಒದ್ದೆಯಾದರೂ ತಕ್ಷಣ ಹರಿಯುವುದಿಲ್ಲ. ಕಾಗದದ ಮೇಲೆ ಕಾಫಿ ಪುಡಿ, ಪುಡಿಯ ಮೇಲೆ ಬಿಸಿನೀರು. ಕೆಳಗಿನ ಪಾತ್ರೆಗೆ ಇಳಿದದ್ದು ತಿಳಿಯಾದ, ಚರಟವಿಲ್ಲದ, ಕಹಿ ಕಡಿಮೆಯಾದ ಕಾಫಿ. ಮುಗಿದ ಮೇಲೆ ಕಾಗದ ಸಮೇತ ಚರಟ ಎತ್ತಿ ಎಸೆದರೆ ಪಾತ್ರೆ ತೊಳೆಯುವ ಕೆಲಸವೂ ಮುಕ್ಕಾಲು ಮುಗಿದಂತೆ.

ಓದಿದರೆ ಇಷ್ಟೇನಾ ಅನಿಸುತ್ತದೆ. ನನಗೂ ಅನಿಸಿತ್ತು. ಆದರೆ ಕಾಫಿ ಯುರೋಪಿಗೆ ಬಂದು ಆಗಲೇ ಎರಡೂವರೆ ಶತಮಾನ ದಾಟಿತ್ತು, ಬ್ಲಾಟಿಂಗ್ ಪೇಪರ್ ಪ್ರತಿ ಶಾಲಾ ಹುಡುಗನ ಚೀಲದಲ್ಲೂ ಇತ್ತು. ಎರಡನ್ನೂ ದಿನಾ ಮುಟ್ಟುತ್ತಿದ್ದ ಒಬ್ಬಳಿಗೆ, ಬೆಳಗ್ಗೆ ಒಲೆಯ ಮುಂದೆ ನಿಂತು ಮಧ್ಯಾಹ್ನ ಮಗನ ಹೋಂವರ್ಕ್ ನೋಡುತ್ತಿದ್ದವಳಿಗೆ, ಅವೆರಡನ್ನೂ ಕೂಡಿಸಬಹುದು ಎಂದು ಹೊಳೆಯಿತು. ಕಾಫಿ ಯಂತ್ರ ತಯಾರಿಸುತ್ತಿದ್ದ ಎಂಜಿನಿಯರ್‌ಗಳಿಗೆ ಹೊಳೆಯಲಿಲ್ಲ. ಅವರ ಪೈಕಿ ಚರಟ ತೊಳೆಯುತ್ತಿದ್ದವರು ಎಷ್ಟು ಮಂದಿ ಇದ್ದಿರಬಹುದು, ನೀವೇ ಊಹಿಸಿ.

ಹೊಳೆದದ್ದು ಒಂದು ಭಾಗ, ಅದನ್ನು ಹಿಡಿದುಕೊಂಡದ್ದು ಇನ್ನೊಂದು. ನೆರೆಮನೆಯವರಿಗೆ ಹೀಗೆ ಮಾಡಿ ನೋಡಿ ಎಂದು ತೋರಿಸಿ ಆಕೆ ಅಲ್ಲಿಗೇ ಬಿಟ್ಟಿದ್ದರೆ ಇವತ್ತು ನಮಗೆ ಆ ಹೆಸರೇ ಗೊತ್ತಿರುತ್ತಿರಲಿಲ್ಲ. ಮೆಲಿಟ್ಟಾ ನೇರ ಬರ್ಲಿನ್‌ನ ಸಾಮ್ರಾಜ್ಯ ಪೇಟೆಂಟ್ ಕಚೇರಿಗೆ ಅರ್ಜಿ ಹಾಕಿದಳು. ತಳದಲ್ಲಿ ತೂತಿರುವ, ಒಳಗೆ ಕಾಗದ ಹಾಸುವ ಕಾಫಿ ಫಿಲ್ಟರ್‌ಗೆ 1908ರ ಬೇಸಿಗೆಯಲ್ಲಿ ಆಕೆಯ ಹೆಸರಿನಲ್ಲಿ ನೋಂದಣಿ ಸಿಕ್ಕಿತು. ಅದು ಜರ್ಮನ್ ಕಾನೂನಿನಲ್ಲಿ ಸಣ್ಣಪುಟ್ಟ ಉಪಕರಣಗಳಿಗೆಂದು ಇದ್ದ, ಪೂರ್ಣ ಪೇಟೆಂಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ರಕ್ಷಣೆ. ಅದೇ ವರ್ಷ ಡಿಸೆಂಬರ್ 15ರಂದು ಡ್ರೆಸ್ಡೆನ್‌ನ ವ್ಯಾಪಾರ ರಿಜಿಸ್ಟರ್‌ನಲ್ಲಿ ಎಂ. ಬೆಂಟ್ಸ್ ಎಂಬ ಕಂಪನಿ ದಾಖಲಾಯಿತು. ಬಂಡವಾಳ 73 ಫೆನಿಗ್. 100 ಫೆನಿಗ್ ಸೇರಿದರೆ ಒಂದು ಮಾರ್ಕ್, ಅಂದರೆ ಮುಕ್ಕಾಲು ಮಾರ್ಕ್ ಕೂಡ ಇಲ್ಲ.

ಈ 73 ಫೆನಿಗ್ ಮೋಟಿವೇಶನ್ ಭಾಷಣಗಳಿಗೆ ಹೇಳಿ ಮಾಡಿಸಿದ ಅಂಕಿ. ಬಂಡವಾಳವಿಲ್ಲದೆ ಸಾಮ್ರಾಜ್ಯ ಕಟ್ಟಿದಳು ಎಂದು ವೇದಿಕೆ ಮೇಲೆ ಯಾರಾದರೂ ಕೂಗಿದರೆ ಚಪ್ಪಾಳೆ ಖಂಡಿತ. ನನಗೆ ಅದನ್ನು ಪೂರ್ತಿ ನುಂಗಲು ಆಗುವುದಿಲ್ಲ. ಆಕೆಗೆ ತಲೆಯ ಮೇಲೆ ಸೂರಿತ್ತು. ಮಾರ್ಷಲ್‌ಸ್ಟ್ರಾಸ್ಸೆಯ ಮನೆಯಲ್ಲೇ ಒಂದು ಕೋಣೆಯನ್ನು ಕಾರ್ಖಾನೆ ಮಾಡಿಕೊಳ್ಳುವಷ್ಟು ಜಾಗವಿತ್ತು. ಜೊತೆಗೆ ನಿಂತ ಗಂಡನಿದ್ದ. ರಿಜಿಸ್ಟರ್‌ನಲ್ಲಿ ಬರೆಯದ ಬಂಡವಾಳ ಇದು. ಕೈಯಲ್ಲಿ ಕಾಸಿಲ್ಲದೆ ಸ್ಟಾರ್ಟ್‌ಅಪ್ ಮಾಡಿ ಎಂದು ನಮಗೆ ಉಪದೇಶ ಮಾಡುವವರು ಈ ಸೂರಿನ ವಿಷಯ ಸಾಮಾನ್ಯವಾಗಿ ಮರೆಯುತ್ತಾರೆ.

ಇದರ ಇನ್ನೊಂದು ಮಗ್ಗುಲೂ ಇದೆ. ಆಕೆಗೆ ಇಲ್ಲದಿದ್ದ ಅನುಕೂಲಗಳು ಕಡಿಮೆಯೇನಲ್ಲ. 1900ರಲ್ಲಿ ಜಾರಿಗೆ ಬಂದ ಜರ್ಮನ್ ನಾಗರಿಕ ಸಂಹಿತೆಯ ಪ್ರಕಾರ ಹೆಂಡತಿ ಮದುವೆಗೆ ತಂದ ಆಸ್ತಿಯ ನಿರ್ವಹಣೆ ಗಂಡನ ಕೈಯಲ್ಲಿ. ಕೋರ್ಟಿನ ಒಪ್ಪಿಗೆ ಪಡೆದು ಹೆಂಡತಿಯ ನೌಕರಿ ಬಿಡಿಸುವ ಅವಕಾಶವೂ ಗಂಡನಿಗಿತ್ತು. ಜರ್ಮನಿಯ ಅತಿ ದೊಡ್ಡ ರಾಜ್ಯ ಪ್ರಷ್ಯದಲ್ಲಿ ಹೆಣ್ಣುಮಕ್ಕಳು ವಿಶ್ವವಿದ್ಯಾಲಯಕ್ಕೆ ಪೂರ್ಣ ವಿದ್ಯಾರ್ಥಿನಿಯರಾಗಿ ಸೇರಬಹುದು ಎಂದು ಒಪ್ಪಿದ್ದೇ ಆ 1908ರಲ್ಲಿ. ಮತದಾನದ ಹಕ್ಕು ಬಂದು ಅವರು ಮೊದಲ ಸಲ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕಿದ್ದು 1919ರಲ್ಲಿ. ಅಂದರೆ ಮೆಲಿಟ್ಟಾ ಕಂಪನಿ ನೋಂದಾಯಿಸಿದಾಗ ಆಕೆಗೆ ಒಂದು ಓಟು ಇರಲಿಲ್ಲ.

ಒಬ್ಬ ತಗಡು ಕೆಲಸದವನಿಗೆ ಹೇಳಿ ಫಿಲ್ಟರ್ ಪಾತ್ರೆ ಮಾಡಿಸಿದರು. ಕಾಗದವನ್ನು ದುಂಡಗೆ ಕತ್ತರಿಸಿ ಕಟ್ಟು ಕಟ್ಟುವುದು ಮನೆಯಲ್ಲೇ. ಹ್ಯೂಗೊ ಅಂಗಡಿಗಳ ಗಾಜಿನ ಕಿಟಕಿಯ ಹಿಂದೆ ನಿಂತು ಹೋಗಿಬರುವವರಿಗೆ ಕಾಫಿ ಇಳಿಸಿ ತೋರಿಸುತ್ತಿದ್ದ. ಗಂಡಸೊಬ್ಬ ನಡುಬೀದಿಯಲ್ಲಿ ನಿಂತು ಹೆಂಡತಿ ಕಂಡುಹಿಡಿದದ್ದನ್ನು ಪ್ರದರ್ಶಿಸುವುದು ಆ ಕಾಲಕ್ಕೆ ಹೇಗೆ ಕಂಡಿರಬಹುದೋ. ಮಕ್ಕಳು ಕೈಗಾಡಿಯಲ್ಲಿ ಪೊಟ್ಟಣ ಹೇರಿಕೊಂಡು ಅಂಗಡಿ ಅಂಗಡಿಗೆ ತಲುಪಿಸುತ್ತಿದ್ದರು. 1909ರ ಲೈಪ್ಸಿಗ್ ವ್ಯಾಪಾರ ಮೇಳದಲ್ಲಿ ಸುಮಾರು 1,200 ಫಿಲ್ಟರ್ ಮಾರಾಟವಾದವು. ಮುಂದೆ ಡ್ರೆಸ್ಡೆನ್‌ನ ಅಂತರರಾಷ್ಟ್ರೀಯ ನೈರ್ಮಲ್ಯ ಪ್ರದರ್ಶನದಲ್ಲಿ ಚಿನ್ನದ ಪದಕ, ಸ್ಯಾಕ್ಸನಿಯ ಹೋಟೆಲು ಮಾಲೀಕರ ಸಂಘದಿಂದ ಬೆಳ್ಳಿ ಪದಕ. 1911ರಲ್ಲಿ ಮಗಳು ಹೆರ್ಟಾ ಹುಟ್ಟಿದಳು. ಮೂರನೇ ಬಾಣಂತನವೂ ವ್ಯಾಪಾರದ ಏರುಗಾಲವೂ ಒಟ್ಟಿಗೇ ಬಂದವು.

ಇಲ್ಲಿ ಸ್ವಲ್ಪ ನಿಲ್ಲಿಸಿ, ನನ್ನ ಖರೀದಿಯ ವಿಚಾರ ಹೇಳುತ್ತೇನೆ. ನಿಮ್ಮಲ್ಲೂ ಹಲವರು ಪಿಜಿ, ಹಾಸ್ಟೆಲ್, ಒಂಟಿ ರೂಮುಗಳಲ್ಲಿ ಇರುವವರೇ ಅಲ್ಲವೇ?

ಮೊದಲು ಆಸೆ ಹುಟ್ಟಿಸಿದ್ದು ಕ್ಯಾಪ್ಸೂಲ್ ಮೆಷಿನ್. ಪುಟ್ಟ ಡಬ್ಬಿಯಂಥ ಕ್ಯಾಪ್ಸೂಲ್ ಒಳಗಿಟ್ಟು ಬಟನ್ ಒತ್ತಿದರೆ ಒಂದು ನಿಮಿಷದೊಳಗೆ ಕಾಫಿ. ಸಲೀಸು ಎಂದರೆ ಅದೇ. ಆದರೆ ಮೆಷಿನ್‌ನ ಬೆಲೆ ನನ್ನ ಎರಡು ತಿಂಗಳ ಪಿಜಿ ಬಾಡಿಗೆಗಿಂತ ಕಡಿಮೆಯಿಲ್ಲ, ಆಮೇಲೆ ಜೀವಮಾನವಿಡೀ ಆ ಅಳತೆಯ ಕ್ಯಾಪ್ಸೂಲನ್ನೇ ಕೊಳ್ಳಬೇಕು. ಕಪ್ಪಿಗೊಂದರಂತೆ ಕಸ ಬೇರೆ. ಅಮೆರಿಕದಲ್ಲಿ ಕೆ-ಕಪ್ ಎಂಬ ಇಂಥದೇ ಪ್ಲಾಸ್ಟಿಕ್ ಕಪ್ಪನ್ನು ರೂಪಿಸಿದ ಜಾನ್ ಸಿಲ್ವನ್ ಅವರೇ ಮುಂದೆ ಅದನ್ನು ಯಾಕಾದರೂ ಮಾಡಿದೆನೋ ಎಂದು ಬೇಸರಪಟ್ಟುಕೊಂಡರು. ಇಟಲಿಯ ಮೋಕಾ ಪಾಟ್ ನೋಡಲು ಚೆಂದ, ಒಂದು ಕಪ್ಪಿನ ಅಳತೆಯದೂ ಸಿಗುತ್ತದೆ. ಕೆಳಗಿನ ನೀರು ಕಾದು ಆವಿಯ ಒತ್ತಡಕ್ಕೆ ಪುಡಿಯ ಮೂಲಕ ಮೇಲೇರುವ ಸಾಧನ ಅದು, ಒಲೆ ಇಲ್ಲದೆ ನಡೆಯದು. ಫ್ರೆಂಚ್ ಪ್ರೆಸ್‌ಗೆ ಕೆಟಲ್ ಸಾಕು. ಅದರ ಜಾಲರಿ ತೊಳೆಯುವುದು ಎಲ್ಲಿ? ನಾಲ್ಕು ಜನಕ್ಕೆ ಒಂದೇ ಬೇಸಿನ್. ಚರಟ ಸಿಕ್ಕಿಕೊಂಡು ಅದು ಕಟ್ಟಿದರೆ ಇಡೀ ಮಹಡಿಯ ಬೈಗುಳ ನನ್ನ ಪಾಲಿಗೆ.

ನಮ್ಮ ಫಿಲ್ಟರನ್ನೇ ಯಾಕೆ ತರಬಾರದು ಎಂದು ಅಮ್ಮ ಕೇಳಿದರು. ನ್ಯಾಯವಾದ ಪ್ರಶ್ನೆ. ಮೇಲಿನ ಪಾತ್ರೆಯ ತಳದಲ್ಲಿ ಸಣ್ಣ ತೂತು, ಪುಡಿ ಹಾಕಿ ಬಿಲ್ಲೆ ಇಟ್ಟು ನೀರು ಹೊಯ್ದು ಮುಚ್ಚಿದರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಗಟ್ಟಿ ಡಿಕಾಕ್ಷನ್. ತತ್ವದಲ್ಲಿ ಮೆಲಿಟ್ಟಾಳ ಹಿತ್ತಾಳೆ ಪಾತ್ರೆಗೂ ಇದಕ್ಕೂ ದೂರವಿಲ್ಲ, ಕಾಗದವೊಂದೇ ಬೇರೆ. ಆದರೆ ಆ ಡಿಕಾಕ್ಷನ್ ಕಾಯುವುದು ಹಾಲಿಗಾಗಿ. ಬೆಳಗಿನ ಐದು ಗಂಟೆಗೆ ಪಿಜಿಯಲ್ಲಿ ಹಾಲು ಎಲ್ಲಿಂದ ತರಲಿ, ಎಲ್ಲಿ ಕಾಯಿಸಲಿ? ಕೆಟಲ್‌ನಲ್ಲಿ ಹಾಲು ಕಾಯಿಸಿದವರ ಕೆಟಲ್ ಏನಾಯಿತೆಂದು ನಮ್ಮ ಮಹಡಿಯಲ್ಲಿ ಎಲ್ಲರಿಗೂ ಗೊತ್ತು. ಮನೆಯಲ್ಲಿದ್ದರೆ, ನಾಲ್ಕು ಜನಕ್ಕೆ ಕಾಫಿಯಾಗಬೇಕಾದರೆ, ನನ್ನ ಓಟು ಇವತ್ತಿಗೂ ಹಿತ್ತಾಳೆ ಫಿಲ್ಟರ್‌ಗೇ. ಹಾಲಿಲ್ಲದೆ ಒಬ್ಬರೇ ಕುಡಿಯುವವರಿಗೆ ಅದು ಹೇಳಿಸಿದ್ದಲ್ಲ.

ಕೊನೆಗೆ ತಂದದ್ದು ₹350ರ ಪ್ಲಾಸ್ಟಿಕ್ ಡ್ರಿಪ್ಪರ್. ಲಾಳಿಕೆಯ ಆಕಾರದ ಸಣ್ಣ ಬಟ್ಟಲು, ಕಪ್ಪಿನ ಬಾಯಿಯ ಮೇಲೆ ನೇರ ಕೂರುತ್ತದೆ. ಒಳಗೆ ಕಾಗದ ಇಟ್ಟು ಮೊದಲು ಸ್ವಲ್ಪ ಬಿಸಿನೀರು ಹಾಯಿಸಿ ಚೆಲ್ಲಿದರೆ ಕಾಗದದ ವಾಸನೆ ಹೋಗುತ್ತದೆ. 15 ಗ್ರಾಂ ಪುಡಿ, 240 ಮಿಲಿಲೀಟರ್ ನೀರು. ಕೆಟಲ್ ಆಫ್ ಆದ ಮೇಲೆ ಅರ್ಧ ನಿಮಿಷ ಬಿಟ್ಟು, ಪುಡಿ ನೆನೆಯುವಷ್ಟು ಮಾತ್ರ ನೀರು ಹಾಕಿ ಇನ್ನರ್ಧ ನಿಮಿಷ ಕಾಯಬೇಕು. ಹುರಿದ ಬೀಜದೊಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬಂದು ಪುಡಿ ಉಬ್ಬುತ್ತದೆ. ಆಮೇಲೆ ಉಳಿದ ನೀರನ್ನು ಸುತ್ತಲೂ ನಿಧಾನವಾಗಿ ಹೊಯ್ಯುವುದು. ಮೂರು ಮೂರೂವರೆ ನಿಮಿಷಕ್ಕೆ ಮುಗಿಯುತ್ತದೆ.

ಒಂದು ಎಚ್ಚರಿಕೆ. ಮನೆಯ ಫಿಲ್ಟರ್ ಪುಡಿಯನ್ನು ಇದಕ್ಕೆ ಹಾಕಬೇಡಿ. ಅದು ತೀರಾ ನುಣುಪು, ಜೊತೆಗೆ ಚಿಕೋರಿ ಬೆರೆತಿರುತ್ತದೆ. ಕಾಗದದ ಕಣ್ಣು ಕಟ್ಟಿ ಹನಿ ಹನಿಯಾಗಿ ಇಳಿಯುತ್ತ ಹತ್ತು ನಿಮಿಷವಾದರೂ ಮುಗಿಯುವುದಿಲ್ಲ, ಕಹಿಯೂ ಇಳಿಯುತ್ತದೆ. ಪುಡಿ ಅಂಗಡಿಯಲ್ಲಿ ಚಿಕೋರಿ ಬೇಡ, ಚಿರೋಟಿ ರವೆಗಿಂತ ದಪ್ಪ, ಉಪ್ಪಿಟ್ಟಿನ ರವೆಗಿಂತ ಸಣ್ಣ ಬೀಸಿಕೊಡಿ ಎಂದರೆ ಬೀಸಿಕೊಡುತ್ತಾರೆ. ಸ್ವಲ್ಪ ವಿಚಿತ್ರವಾಗಿ ನೋಡುತ್ತಾರೆ, ಅಷ್ಟೆ. ಹಣದ ಲೆಕ್ಕ ಹಾಕಿದರೆ ಪುಡಿ, ಕಾಗದ ಎಲ್ಲ ಸೇರಿ ದರ್ಶಿನಿಯ ಕಾಫಿಗಿಂತ ಅಗ್ಗವೇನೂ ಆಗಲಿಲ್ಲ. ಉಳಿದದ್ದು ಬೆಳಗಿನ ಮುಕ್ಕಾಲು ಗಂಟೆ. ಕಾಗದಕ್ಕೆ ಇನ್ನೊಂದು ಗುಣವಿದೆ: ಕಾಫಿಯ ಎಣ್ಣೆಯಲ್ಲಿರುವ, ಕೆಟ್ಟ ಕೊಲೆಸ್ಟರಾಲ್ ಏರಿಸುವ ಕೆಫೆಸ್ಟಾಲ್ ಎಂಬ ಅಂಶವನ್ನು ಬಹುಪಾಲು ತಡೆದುಬಿಡುತ್ತದೆ. ಫ್ರೆಂಚ್ ಪ್ರೆಸ್‌ನ ಲೋಹದ ಜಾಲರಿಗೆ ಅದು ಆಗದು. ಮೆಲಿಟ್ಟಾಗೆ ಇದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಆಕೆಗೆ ಬೇಕಾಗಿದ್ದದ್ದು ಬಾಯಿಗೆ ಚರಟ ಸಿಗದ ಕಾಫಿ.

ಮತ್ತೆ ಆಕೆಯ ಕಥೆಗೆ ಬರೋಣ. ಕಂಪನಿ ಕಾಲೂರುವಷ್ಟರಲ್ಲಿ 1914ರಲ್ಲಿ ಮೊದಲ ಮಹಾಯುದ್ಧ. ಲೋಹವೆಲ್ಲ ಜೆಪೆಲಿನ್ ವಾಯುನೌಕೆಗಳಿಗೆ ಹೋಯಿತು, ಕಾಗದಕ್ಕೆ ರೇಷನ್ ಬಂತು, ಬ್ರಿಟಿಷ್ ನೌಕಾಪಡೆಯ ದಿಗ್ಬಂಧನದಿಂದ ಕಾಫಿ ಬೀಜ ಬರುವುದೇ ನಿಂತಿತು. ಫಿಲ್ಟರ್ ಮಾಡಲು ಲೋಹವಿಲ್ಲ, ಕಾಗದವಿಲ್ಲ, ಸೋಸಲು ಕಾಫಿಯೂ ಇಲ್ಲ! ಹ್ಯೂಗೊನನ್ನು ಸೈನ್ಯಕ್ಕೆ ಸೇರಿಸಿ ರೊಮೇನಿಯಾಕ್ಕೆ ಕಳಿಸಿದರು. ಮೂರು ಮಕ್ಕಳೊಂದಿಗೆ ಉಳಿದ ಮೆಲಿಟ್ಟಾ ರಟ್ಟಿನ ಪೆಟ್ಟಿಗೆಗಳನ್ನು ಮಾರಿ ಸಂಸಾರ ನಡೆಸಿದಳು. ಆಕೆಯ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಭಾಗ ಇದೇ. ಸಾಧಕರ ಕಥೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಚಿನ್ನದ ಪದಕ ಗೆದ್ದ ವಸ್ತುವನ್ನು ಬದಿಗಿಟ್ಟು, ಕೈಗೆ ಸಿಕ್ಕ ರಟ್ಟು ಮಾರುತ್ತ ಕಳೆದ ವರ್ಷಗಳವು. ಇವತ್ತಿನ ರೆಸ್ಯೂಮ್‌ನಲ್ಲಿ ಅದನ್ನು ಗ್ಯಾಪ್ ಎಂದು ಬರೆಯಬೇಕಾಗುತ್ತಿತ್ತೇನೋ. ಇಂಟರ್‌ವ್ಯೂನಲ್ಲಿ ಎದುರು ಕೂತವರು ಈ ಅವಧಿಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳುವಾಗಿನ ಆ ದನಿ ನಿಮಗೂ ಗೊತ್ತಿದೆ.

ಯುದ್ಧ ಮುಗಿದು, ದುಡ್ಡಿಗೆ ಬೆಲೆಯೇ ಇಲ್ಲದಂತಾದ 1923ರ ಹಣದುಬ್ಬರವನ್ನೂ ದಾಟಿ ವ್ಯಾಪಾರ ಮತ್ತೆ ಎದ್ದಿತು. ಗೆಲ್ಲುವ ವಸ್ತುವಿಗೆ ನಕಲು ಹುಟ್ಟುವುದು ಎಲ್ಲ ಕಾಲದಲ್ಲೂ ಇದ್ದದ್ದೇ. ನಕಲಿನ ನಡುವೆ ತಮ್ಮದನ್ನು ಗುರುತಿಸಲೆಂದು 1925ರಿಂದ ಡಬ್ಬಿಗೆ ಕೆಂಪು-ಹಸಿರು ಬಣ್ಣ ಬಂತು, ಇವತ್ತಿಗೂ ಅದೇ ಬಣ್ಣ. 1928ರ ಹೊತ್ತಿಗೆ 80 ಕೆಲಸಗಾರರು ಎರಡು ಪಾಳಿಯಲ್ಲಿ ದುಡಿದರೂ ಬೇಡಿಕೆಗೆ ಸಾಲುತ್ತಿರಲಿಲ್ಲ. ಡ್ರೆಸ್ಡೆನ್‌ನಲ್ಲಿ ಬೇಕಾದಷ್ಟು ಜಾಗ ಸಿಗಲಿಲ್ಲವಾಗಿ 1929ರಲ್ಲಿ ಕಂಪನಿ ದೇಶದ ಇನ್ನೊಂದು ಮಗ್ಗುಲಿನ ಮಿಂಡೆನ್ ಎಂಬ ಊರಿಗೆ ಹೋಯಿತು. ಹುಟ್ಟೂರು ಬಿಡುವಾಗ ಆಕೆಗೆ 56 ವರ್ಷ.

1932ರಲ್ಲಿ ಮೆಲಿಟ್ಟಾ ಮತ್ತು ಹ್ಯೂಗೊ ಹೆಚ್ಚಿನ ಪಾಲನ್ನು ಮಕ್ಕಳಾದ ಹೋರ್ಸ್ಟ್ ಮತ್ತು ವಿಲ್ಲಿಗೆ ವಹಿಸಿಕೊಟ್ಟರು. ಯಾವ ಹುಡುಗನ ಪುಸ್ತಕದಿಂದ ಬ್ಲಾಟಿಂಗ್ ಪೇಪರ್ ಹರಿದಿದ್ದಳೋ ಆ ವಿಲ್ಲಿ ಈಗ ಪಾಲುದಾರ. ತಳ ಚಪ್ಪಟೆಯಾಗಿದ್ದ ಫಿಲ್ಟರ್ ಲಾಳಿಕೆಯಾಗಿ ಬದಲಾದದ್ದು, ಕಾಗದವೂ ಅದಕ್ಕೆ ಹೊಂದುವ ಚೀಲದ ಆಕಾರಕ್ಕೆ ಬಂದದ್ದು 1930ರ ದಶಕದ ಮಧ್ಯದಲ್ಲಿ. ನನ್ನ ₹350ರ ಡ್ರಿಪ್ಪರ್ ಆ ಲಾಳಿಕೆಯ ಮೊಮ್ಮಗು. ಅಧಿಕಾರ ಬಿಟ್ಟರೂ ಮೆಲಿಟ್ಟಾ ಕಾರ್ಖಾನೆ ಬಿಡಲಿಲ್ಲ. ಆಕೆಯ ಗಮನ ಕೆಲಸಗಾರರ ಕಡೆ ಹೊರಳಿತು. ಕ್ರಿಸ್‌ಮಸ್ ಬೋನಸ್ ಶುರುವಾಯಿತು. ವರ್ಷಕ್ಕೆ 6 ದಿನ ಇದ್ದ ರಜೆ 15 ದಿನಕ್ಕೆ ಏರಿತು. ವಾರಕ್ಕೆ ಐದೇ ದಿನ ಕೆಲಸ ಎಂದಾಯಿತು. ಸುಮಾರು 90 ವರ್ಷಗಳ ಹಿಂದಿನ ಮಾತಿದು. ಈಗ ನಮ್ಮ ಬ್ಯಾಂಕ್ ನೌಕರರು ಐದು ದಿನದ ವಾರಕ್ಕಾಗಿ ಎಷ್ಟು ವರ್ಷ ಕೇಳುತ್ತ ಬಂದಿದ್ದಾರೆ ನೆನಪಿಸಿಕೊಳ್ಳಿ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸಿಹಿಯಾಗಿರುತ್ತದೆ. ಬಹುಪಾಲು ಬರಹಗಳು ನಿಲ್ಲಿಸುವುದೂ ಇಲ್ಲಿಯೇ. ಆದರೆ ಇದು 1930ರ ದಶಕದ ಜರ್ಮನಿ, ಹಿಟ್ಲರ್ ಅಧಿಕಾರಕ್ಕೆ ಬಂದಿದ್ದ. ಮಕ್ಕಳ ಕೈಯಲ್ಲಿದ್ದ ಕಂಪನಿ ನಾತ್ಸಿ ಆಡಳಿತದ ಮಾದರಿ ಸಂಸ್ಥೆಗಳಲ್ಲೊಂದು ಎನಿಸಿಕೊಂಡಿತು. ಎರಡನೇ ಮಹಾಯುದ್ಧದ ನಡುವೆ ಫಿಲ್ಟರ್ ತಯಾರಿಕೆ ನಿಂತು ಯುದ್ಧಕ್ಕೆ ಬೇಕಾದ ಸಾಮಗ್ರಿಯ ತಯಾರಿಕೆ ನಡೆಯಿತು. ಆ ಕಾಲದಲ್ಲಿ ಬಲವಂತದ ದುಡಿಮೆಗೆ ಸಿಕ್ಕಿದವರಿಗೆ ಪರಿಹಾರ ಕೊಡಲು ಜರ್ಮನಿಯಲ್ಲಿ ಬಹಳ ತಡವಾಗಿ ಹುಟ್ಟಿದ ಪ್ರತಿಷ್ಠಾನಕ್ಕೆ ಈ ಕಂಪನಿಯೂ ಪಾಲು ಕೊಡಬೇಕಾಯಿತು. ರಜೆ ಹೆಚ್ಚಿಸಿದ ಮನೆಯ ಹೆಸರೂ, ಈ ದಾಖಲೆಯಲ್ಲಿರುವ ಹೆಸರೂ ಒಂದೇ. ಆ ವರ್ಷಗಳಲ್ಲಿ ಅರವತ್ತು ದಾಟಿದ್ದ ಮೆಲಿಟ್ಟಾ ಆಡಳಿತದಲ್ಲಿ ಇರಲಿಲ್ಲ ಎಂಬುದು ನಿಜ. ಅಷ್ಟರಿಂದ ಈ ಭಾಗವನ್ನು ಬಿಟ್ಟುಬಿಡಲು ನನಗೆ ಮನಸ್ಸಾಗಲಿಲ್ಲ. ಸಾಧಕರನ್ನು ದೇವರ ಫೋಟೊ ಮಾಡಿ ಗೋಡೆಗೆ ನೇತುಹಾಕುವ ಅಭ್ಯಾಸ ನಮಗೆ ಹೆಚ್ಚು, ಅದರ ಹಿಂದಿನ ಗೋಡೆಯನ್ನು ಯಾರೂ ನೋಡುವುದಿಲ್ಲ.

ಯುದ್ಧ ಮುಗಿದಾಗ ಮಿಂಡೆನ್‌ನ ಮುಖ್ಯ ಕಾರ್ಖಾನೆಯನ್ನು ಮಿತ್ರಪಡೆಗಳು ತಮ್ಮ ಬಳಕೆಗೆ ತೆಗೆದುಕೊಂಡವು. ಶೆಡ್ಡು, ಹಳೆಯ ಕಾರ್ಖಾನೆ, ಬಿಯರ್ ಅಂಗಡಿ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೆಲಸ ನಡೆಯಿತು. ಬಾಡಿಗೆ ಕಟ್ಟಡ ಹುಡುಕುವುದು, ಇದ್ದುದರಲ್ಲಿ ಹೊಂದಿಸುವುದು ಈ ಮನೆಗೆ ಹೊಸದಲ್ಲ. 1948ರ ಹೊತ್ತಿಗೆ ಫಿಲ್ಟರ್ ಮತ್ತು ಕಾಗದ ಎರಡರ ತಯಾರಿಕೆಯೂ ಮತ್ತೆ ಶುರುವಾಯಿತು. 1950ರ ಜೂನ್ 29ರಂದು, 77ನೇ ವಯಸ್ಸಿನಲ್ಲಿ, ಮಿಂಡೆನ್ ಬಳಿಯ ಹೋಲ್ಟ್ಸ್‌ಹೌಸನ್‌ನಲ್ಲಿ ಮೆಲಿಟ್ಟಾ ತೀರಿಕೊಂಡಳು. ಆಗ ಕಂಪನಿಯ ಬೆಲೆ 47 ಲಕ್ಷ ಡಾಯ್ಚ್ ಮಾರ್ಕ್ ತಲುಪಿತ್ತು. ಕಾಗದದ ಫಿಲ್ಟರ್‌ಗೆ ವಿದ್ಯುತ್ ಜೋಡಿಸಿ ತಾನಾಗಿ ನೀರು ಹನಿಸುವ ವಿಗೊಮ್ಯಾಟ್ ಎಂಬ ಯಂತ್ರ ಜರ್ಮನಿಯಲ್ಲೇ ಬಂದದ್ದು 1954ರಲ್ಲಿ, ಬೇರೆಯವರಿಂದ. ಅದನ್ನು ನೋಡಲು ಆಕೆ ಇರಲಿಲ್ಲ.

ಈಕೆಯ ಬಗ್ಗೆ ಓದುವಾಗ ನನಗೆ ಪದೇ ಪದೇ ಚುಚ್ಚಿದ ಪದವೊಂದಿದೆ: ಗೃಹಿಣಿ. ಸಣ್ಣ ಟಿಪ್ಪಣಿ ಇರಲಿ, ದೊಡ್ಡ ಲೇಖನ ಇರಲಿ, ಜರ್ಮನ್ ಗೃಹಿಣಿ ಕಂಡುಹಿಡಿದ ಕಾಫಿ ಫಿಲ್ಟರ್ ಎಂದೇ ಶುರುವಾಗುತ್ತದೆ. 1908ರ ಆ ಬೆಳಿಗ್ಗೆಗೆ ಪದ ಸರಿ. ಆಮೇಲೆ 24 ವರ್ಷ ಆಕೆ ಒಂದು ಕಂಪನಿಯ ಯಜಮಾನಿ, ಪೇಟೆಂಟ್ ಕಚೇರಿಯಿಂದ ಹಿಡಿದು ಪಾಳಿ ಕೆಲಸದವರೆಗೆ ಎಲ್ಲ ನೋಡಿಕೊಂಡವಳು. ಗ್ಯಾರೇಜಿನಲ್ಲಿ ಕಂಪ್ಯೂಟರ್ ಜೋಡಿಸಿದ ಹುಡುಗರನ್ನು ಉದ್ಯಮಿ ಎನ್ನುತ್ತಾರೆ, ಅಡುಗೆಮನೆಯಲ್ಲಿ ಶುರುಮಾಡಿದವಳು ಮಾತ್ರ ಕೊನೆಯವರೆಗೂ ಗೃಹಿಣಿ. ಊರಿಗೆ ಹೋದಾಗ ಮದುವೆ ಮನೆಯಲ್ಲಿ ಸಿಕ್ಕವರು ನನ್ನ ಬಗ್ಗೆ ಅಮ್ಮನನ್ನು ಕೇಳುತ್ತಾರೆ, ಮನೆಯಲ್ಲೇ ಇದ್ದಾಳಾ ಎಂದು. ಇದ್ದಾಳೆ, ಓದುತ್ತಿದ್ದಾಳೆ ಎನ್ನುತ್ತಾರೆ ಅಮ್ಮ. ಆ ಓದುತ್ತಿದ್ದಾಳೆ ಎಂಬ ಮಾತನ್ನು ಅಮ್ಮ ಪ್ರತಿ ಸಲ ಸ್ವಲ್ಪ ಜೋರಾಗಿಯೇ ಹೇಳುತ್ತಾರೆ.

ಕಂಪನಿ ಈಗಲೂ ಮಿಂಡೆನ್‌ನಲ್ಲೇ ಇದೆ, ಮನೆತನದವರ ಕೈಯಲ್ಲೇ ಇದೆ. ಡ್ರಿಪ್ಪರ್ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ತಳ ಅಗಲವಾಗಿ ಕತ್ತರಿಸಿದಂತಿರುವ ಮೆಲಿಟ್ಟಾ ಮಾದರಿಯ ಕಾಗದ ಬೇರೆ, ಚೂಪು ಮೊನೆಯ ಜಪಾನಿ ವಿ60 ಮಾದರಿಯದು ಬೇರೆ. ಒಂದರದು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಬಟ್ಟಲಿನ ಆಕಾರ ನೋಡಿ ಕಾಗದ ತನ್ನಿ. ಒಂದು ಕಪ್ಪಿನ ಅಳತೆಯ ಕಾಗದ ಸಿಗದಿದ್ದರೆ ಅದರ ಮೇಲಿನ ಅಳತೆಯದನ್ನು ತಂದು, ಮೇಲಂಚು ಕತ್ತರಿಸಿ ಹಾಕಿದರೂ ನಡೆಯುತ್ತದೆ.